ಡಿ-ಡೈಮರ್ ಮತ್ತು ಒಂದು ಜೊತೆ ಕಾಲುಚೀಲ

ಕೋವಿಡ್ ಕಳೆದ ಮರುವರ್ಷ ನಾನು ಗಂಗಾವತಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದೆ. ಆಗ ಡಿ-ಡೈಮರ್ ಪರೀಕ್ಷೆಯ ಹೆಸರು ಕಿರಾಣಿ ಅಂಗಡಿಯವರಿಗೂ ಬಾಯಿಪಾಠವಾಗಿತ್ತು. ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರುಗಳನ್ನು ಈ ಪರೀಕ್ಷೆ ಅಳೆಯುತ್ತದೆ. ನಮ್ಮ ಲ್ಯಾಬಿನಲ್ಲಿ 500ರೊಳಗಿದ್ದರೆ ನಾರ್ಮಲ್. ಆದರೆ ಜ್ವರ, ಗಾಯ, ಹೆರಿಗೆ, ಏನೇ ಆದರೂ ಅದು ಏರುತ್ತದೆ. ಏರಿದ ಸಂಖ್ಯೆಯ ಬೆನ್ನು ಹತ್ತಿ, ಬೆಟ್ಟ ಅಗೆದು ಇಲಿ ಹಿಡಿದು ನನಗೆ ಸಾಕಾಗಿತ್ತು.

ಕನಕಗಿರಿ ಕಡೆಯ ಹನುಮವ್ವ ಒಂದು ಬೆಳಿಗ್ಗೆ ಮಗಳು ರೇಣುಕಾಳನ್ನು ಕರೆತಂದಳು. ಹೆರಿಗೆಯಾಗಿ ಹದಿನೆಂಟು ದಿನ. ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಸಾಲದು ಎಂಬುದು ದೂರು. ಬಾಣಂತಿಗೆ ಗಾಳಿ ತಾಗಬಾರದೆಂದು ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ. ಅಷ್ಟು ದಿನವೂ ಹೊರಸಿನ ಮೇಲೆಯೇ ಮಲಗಿಸಿದ್ದರು, ಕುಡಿಯುವ ನೀರಿಗೂ ಅಳತೆಯಿತ್ತು. ಎಕ್ಸ್-ರೇ, ಇಸಿಜಿ ಸರಿ ಇದ್ದವು. ಡಿ-ಡೈಮರ್ 2,860.

"ಬಾಣಂತ್ಯಾರಿಗೆ ಇದು ಹೆಚ್ಚ ಇರತೈತಿ ಯವ್ವಾ, ಹೆದರಬ್ಯಾಡ್ರಿ," ಎಂದೆ.

ಸುಳ್ಳೇನಲ್ಲ. ಮೈಯಲ್ಲಿ ರಕ್ತ ಕಡಿಮೆ ಇತ್ತು, ಉಸಿರಿಗೆ ಅದೇ ಕಾರಣವೆಂದು ಕಬ್ಬಿಣದ ಮಾತ್ರೆ ಬರೆದೆ. ಬಾಣಂತಿಯ ಕಾಲುಚೀಲ ಬಿಚ್ಚಿಸಲು ಗಂಡಸು ಡಾಕ್ಟರಿಗೆ ಸಂಕೋಚ. ಆ ಸಂಕೋಚಕ್ಕೆ ನಾನು ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೆ.

ಮರುದಿನ ಬಚ್ಚಲಿಗೆಂದು ಎದ್ದವಳು ಅಲ್ಲೇ ಕುಸಿದಳು. ನಮ್ಮಲ್ಲಿಗೆ ತರುವಷ್ಟರಲ್ಲಿ ಮುಗಿದಿತ್ತು. ನರ್ಸ್ ಕಾಲುಚೀಲ ಕಳೆದಾಗ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ಎರಡು ಬೆರಳು ದಪ್ಪವಿತ್ತು. ಅಲ್ಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿತ್ತೆಂದು ತಿಳಿಯಲು ಸ್ಕ್ಯಾನ್ ಬೇಕಿರಲಿಲ್ಲ. ನನಗೆ ಅಳುವೂ ಬರಲಿಲ್ಲ. ಮುಂದಿನ ರೋಗಿಯನ್ನು ಕರೆದೆ, ಮಧ್ಯಾಹ್ನ ಊಟ ಮಾಡಿದೆ. ಏನು ಉಂಡೆನೋ ನೆನಪಿಲ್ಲ.

ಅನುಮಾನವೂ ಕಡಿಮೆ, ಡಿ-ಡೈಮರ್ ಕೂಡ ನಾರ್ಮಲ್ ಎಂದರೆ ಹೆಪ್ಪು ಇರಲಾರದು ಎನ್ನಬಹುದು. ಆದರೆ ಏರಿದ ಸಂಖ್ಯೆ ಹೆಪ್ಪು ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ರೋಗಿಯನ್ನು ನೋಡಬೇಕು, ಬೇಕಾದರೆ ಸ್ಕ್ಯಾನ್ ಮಾಡಿಸಬೇಕು. ಈಗ ನಾನು ವರದಿಗಿಂತ ಮೊದಲು ಕಾಲು ನೋಡುತ್ತೇನೆ.

ತಿಂಗಳಾದ ಮೇಲೆ ಮೊಮ್ಮಗಳ ಚುಚ್ಚುಮದ್ದಿಗೆಂದು ಬಂದ ಹನುಮವ್ವ ಕೂಸನ್ನು ಎತ್ತಿಕೊಂಡೇ ನನ್ನ ಕೋಣೆಗೆ ಬಂದಳು.

"ಬಾಣಂತ್ಯಾರಿಗೆ ಕಾಲು ಬಾವು ಬರೋದು ಇದ್ದದ್ದ ಅಂದಕೊಂಡೆರಿ. ದಿನಾ ಎಣ್ಣಿ ಹಚ್ಚಿ ತಿಕ್ಕೀನಿ. ನಾ ತಿಕ್ಕಿದ್ದಕ್ಕ ಹೋದಳೇನ್ರಿ?"

"ಇಲ್ಲ ಯವ್ವಾ. ತಪ್ಪು ನಂದು. ಕಾಲು ನಾ ನೋಡಬೇಕಿತ್ತು."

ಆಕೆ ಕೂಸಿನ ಕಾಲಮೇಲಿನ ಬಟ್ಟೆ ಸರಿಮಾಡಿದಳು.

"ಬಿಚ್ಚು ಅಂದಿದ್ರ ಬಿಚ್ಚತಿದ್ವಿರಿ ಸಾಹೇಬ್ರ," ಎಂದಳು.