ಒಂದೇ ತರಗತಿಯಲ್ಲಿ ಐವರು ಯಲ್ಲವ್ವಂದಿರು

ನಾನಾಗ ಪರಕಾರ, ಪೋಲಕ ತೊಟ್ಟು ಶಾಲೆಗೆ ಹೋಗುವಷ್ಟು ಚಿಕ್ಕವಳು. ಸಂಗೊಳ್ಳಿಗೆ ಹತ್ತಿರದ ನಮ್ಮೂರಿನಲ್ಲಿ, ನಾಲ್ಕನೆಯ ತರಗತಿಯೊಂದರಲ್ಲೇ ನಾವು ಐದು ಮಂದಿ ಯಲ್ಲವ್ವಂದಿರಿದ್ದೆವು. ಸವದತ್ತಿ ಗುಡ್ಡದ ದೇವಿಗೆ ಹರಕೆ ಹೊತ್ತು ಪಡೆದ ಹೆಣ್ಣುಮಕ್ಕಳಿಗೆಲ್ಲ ನಮ್ಮ ಕಡೆ ಅದೇ ಹೆಸರು. ಮಾಸ್ತರು "ಯಲ್ಲವ್ವ" ಎಂದರೆ ಐವರೂ ಏಳುತ್ತಿದ್ದೆವು. ಹುಡುಗರು ನಗುತ್ತಿದ್ದರು.

ಆ ವರ್ಷ ಸಂಪಗಾಂವದಲ್ಲಿ ಓಟದ ಸ್ಪರ್ಧೆ ನಡೆಯಿತು. ಕಾದ ಎರೆಮಣ್ಣಿನ ಮೇಲೆ ಬರಿಗಾಲಲ್ಲಿ ಓಡಿ ನಾನೇ ಮೊದಲು ಬಂದೆ. ಹೆಬ್ಬೆರಳು ಒಡೆದು ರಕ್ತ ಸೋರುತ್ತಿತ್ತು, ಬಾಯಲ್ಲೆಲ್ಲ ಧೂಳಿನ ರುಚಿ. ಅಲ್ಲಿದ್ದವರು ಹಾಳೆಯಲ್ಲಿ ಊರಿನ ಹೆಸರಿನ ಪಕ್ಕ ಬರೆದುಕೊಂಡದ್ದು 'ಯಲ್ಲವ್ವ' ಎಂದಷ್ಟೇ.

ವಾರದ ನಂತರ ಬಹುಮಾನ ನಮ್ಮ ಶಾಲೆಗೆ ಬಂತು. ಥಳಥಳ ಹೊಳೆಯುವ ಸ್ಟೀಲಿನ ಊಟದ ಡಬ್ಬಿ. ಮಾಸ್ತರು ಹೆಸರು ಕೂಗಿದರು. ನಾನು ಏಳುವಷ್ಟರಲ್ಲಿ ಮುಂದಿನ ಸಾಲಿನ ಯಲ್ಲವ್ವ ಹೋಗಿ ತೆಗೆದುಕೊಂಡೇ ಬಿಟ್ಟಳು. ಅವಳೂ ಓಡಿದ್ದಳು, ನನ್ನ ಹಿಂದೆ.

"ಮಾಸ್ತರ, ಅದು ನಂದ್ರಿ. ಮೊದಲ ಬಂದಾಕಿ ನಾನ್ರಿ," ಎಂದೆ.

"ಹೆಸರು ಕರದೆ, ಆಕಿ ಬಂದು ತಗೊಂಡ್ಳು. ಈಗ ಹೆಂಗ ಕಸಗೊಳ್ಳೂದು? ಕುಂದ್ರು," ಎಂದರು ಮಾಸ್ತರು. ಓಟದ ದಿನ ಅವರು ಸಂಪಗಾಂವಕ್ಕೆ ಬಂದಿರಲೇ ಇಲ್ಲ.

ಮನೆಗೆ ಬಂದವಳೇ ಪಾಟಿಚೀಲ ಎಸೆದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಎದುರು ಕುಳಿತು, "ಯವ್ವಾ, ನನ್ನ ಹೆಸರ ಬದಲಿ ಮಾಡ. ಈ ಹೆಸರ ಬ್ಯಾಡ ನನಗ," ಎಂದು ಅತ್ತೆ.

ಅವ್ವನ ಕೈ ನಿಂತಿತು. "ನಿನಗಿಂತ ಮೊದಲ ಎರಡು ಕೂಸು ಉಳೀಲಿಲ್ಲ. ನೀ ಹೊಟ್ಟ್ಯಾಗ ಇದ್ದಾಗ ನಿಮ್ಮಪ್ಪ ಗುಡ್ಡಕ್ಕ ನಡಕೋತ ಹೋಗಿ, ತಾಯಿ, ಈ ಕೂಸು ಉಳದ್ರ ನಿನ್ನ ಹೆಸರ ಇಡತೇನಿ ಅಂತ ಬೇಡಕೊಂಡ್ರು. ಅದನ್ನ ಹೆಂಗ ಬದಲಿ ಮಾಡೂದು?"

ಅಳು ನಿಲ್ಲಿಸಿ ಕಣ್ಣೊರೆಸಿಕೊಂಡೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಮರುದಿನ ಅಪ್ಪ ನನ್ನ ಜೊತೆ ಶಾಲೆಗೆ ಬಂದು ಕೇಳಿದ. ವಿಚಾರಿಸುತ್ತೇನೆ ಎಂದರು ಮಾಸ್ತರು. ವಿಚಾರಿಸಿದರೋ ಇಲ್ಲವೋ, ಡಬ್ಬಿಯಂತೂ ನನ್ನ ಕೈಗೆ ಬರಲಿಲ್ಲ. ವರ್ಷಪೂರ್ತಿ ಆ ಹುಡುಗಿ ಅದರಲ್ಲೇ ರೊಟ್ಟಿ, ಶೇಂಗಾ ಹಿಂಡಿ ತಂದು ನನ್ನೆದುರೇ ತಿಂದಳು.

ಈಗ ನೋಡಿ ಮೊಮ್ಮಕ್ಕಳೇ, ನಿಮ್ಮ ಹೆಸರುಗಳನ್ನು ನಿಮ್ಮವ್ವ ಮೊಬೈಲಿನಲ್ಲಿ ಹುಡುಕಿ ಇಟ್ಟಳು. ಇಡೀ ಬೈಲಹೊಂಗಲದಲ್ಲಿ ಇನ್ನೊಬ್ಬರಿಗೆ ಇರಬಾರದೆಂಬುದೇ ಅವಳ ಹಟ. ನಿಮ್ಮ ಬಹುಮಾನ ಬೇರೆಯವರ ಕೈ ಸೇರುವ ಭಯವಿಲ್ಲ, ಒಳ್ಳೆಯದೇ. ನಮ್ಮೂರ ಶಾಲೆಯಲ್ಲಿ ಈಗ ಒಬ್ಬಳೂ ಯಲ್ಲವ್ವ ಇಲ್ಲವಂತೆ. ಬೇಡವೆಂದು ಅತ್ತವಳು ನಾನೇ. ಆದರೂ ನಿಮ್ಮ ಮೂವರಲ್ಲಿ ಒಬ್ಬಳಿಗಾದರೂ ಆ ಹೆಸರು ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲವಲ್ಲ, ಆ ಸಿಟ್ಟು ನನಗೆ ಇನ್ನೂ ಇದೆ.