ಸವಿತಾ ಬಾರಿಸಿದ ಬೆಲ್ಲು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ. ಪಾಂಡವಪುರದ ಸ್ಕೂಲೊಂದರಲ್ಲಿ ಅಕ್ಕನ ಮಗಳು ಸವಿತಾಗೆ ಟಿ.ಸಿ. ಕೊಡ್ತಾರಂತೆ ಅಂತ ತಿಳಿಯಿತು. ನಾನು ಗದರಿದರೆ ನಾಲೆಯ ನೀರೂ ಹಿಂದಕ್ಕೆ ಹರಿಯುತ್ತದೆ. ಅಂಥ ಸೋದರಮಾವ ಸುಮ್ಮನಿರುತ್ತಾನಾ? ಬೆಲ್ಲು ಹೊಡೆದಾಗಲೆಲ್ಲ ಅವಳು ಕಿವಿ ಮುಚ್ಚಿ ಕಿರುಚುತ್ತಿದ್ದಳು. ಮೈಸೂರಿನ ಡಾಕ್ಟರು ಆಟಿಸಂ ಅಂದಿದ್ದರು. ತೊಂಬತ್ತರ ದಶಕದಲ್ಲಿ ಆ ಹೆಸರನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ.

ಅಕ್ಕನನ್ನೂ ಸವಿತಾಳನ್ನೂ ಕರೆದುಕೊಂಡು ಸ್ಕೂಲಿಗೆ ಹೋದೆ. ನನ್ನ ಮುಖ ಕಂಡೇ ಹೆದರಿದ ಹೆಡ್‌ಮಾಸ್ಟರು ಕುರ್ಚಿ ಕೊಟ್ಟರು. ಟಿ.ಸಿ. ಮೇಜಿನ ಮೇಲಿತ್ತು, ಸೀಲು ಹಾಕುವುದೊಂದೇ ಬಾಕಿ.

“ಇನ್ಯಾವ ಸ್ಕೂಲ್ನಲ್ಲೂ ಸೇರುಸ್ಕಳಲ್ಲ ಸಾ,” ಅಂದಳು ಅಕ್ಕ.

“ನಾನೇನ್ಮಾಡ್ಲಮ್ಮ? ಮಿಕ್ಕ ಮಕ್ಕಳ ಅಪ್ಪಂದಿರು ದಿನಾ ಬಂದು ಜಗಳ ಆಡ್ತಾವ್ರೆ.”

ಹೊರಗೆ ಜವಾನ ಸುತ್ತಿಗೆ ಹಿಡಿದು, ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯತ್ತ ಹೊರಟ. ಸವಿತಾಳ ಕೈ ಆಗಲೇ ಕಿವಿಗೆ ಹೋಗಿತ್ತು. ಈಗ ಕಿರುಚಿದರೆ ಸೀಲು ಬಿದ್ದಂತೆಯೇ.

“ಸಾ, ಮನೇಲಿ ತಟ್ಟೆ ನಾವು ಬಡುದ್ರೆ ಕಿರುಚ್ತಾಳೆ, ತಾನೇ ಬಡುದ್ರೆ ಸುಮ್ಕಿರ್ತಾಳೆ. ಸುತ್ತಿಗೆ ಅವಳ ಕೈಗೇ ಕೊಡ್ಸಿ,” ಅಂದೆ.

“ಏನಯ್ಯಾ, ತಮಾಸೆನಾ?” ಅಂದರು. ಆದರೂ ಜವಾನನಿಗೆ ಸನ್ನೆ ಮಾಡಿದರು.

ಸವಿತಾ ಹೊಡೆದಳು. ಕಿರುಚಲಿಲ್ಲ. ಆದರೆ ಹೊಡೆಯುವುದನ್ನು ನಿಲ್ಲಿಸಲೂ ಇಲ್ಲ. ಒಂದೇ ಸಮನೆ ಬೆಲ್ಲು ಬಾರಿಸಿದರೆ ಸ್ಕೂಲು ಬಿಟ್ಟಿತು ಅಂತ ಅರ್ಥ. ಬೆಳಗಿನ ಹನ್ನೊಂದಕ್ಕೇ ಮಕ್ಕಳೆಲ್ಲ ಚೀಲ ಹೊತ್ತು ಗೇಟು ದಾಟಿದರು.

ಹೆಡ್‌ಮಾಸ್ಟರು ಖಾಲಿ ಮೈದಾನವನ್ನೇ ನೋಡುತ್ತಾ ನಿಂತರು.

“ಪೀರಿಯಡ್ಡಿಗೆ ಒಂದೇ ಏಟು ಅಂತ ಹೇಳ್ಕೊಟ್ಟು ನಾಳೆ ಕರ್ಕಂಡ್ ಬಾರಮ್ಮ,” ಅಂದು ಟಿ.ಸಿ.ಯನ್ನು ಡ್ರಾಯರಿಗೆ ತಳ್ಳಿದರು. ಹರಿದು ಹಾಕಲಿಲ್ಲ.

ಆ ಕುರ್ಚಿಯೊಂದನ್ನು ಮಾತ್ರ ನಾನು ಸೇರಿಸಿ ಹೇಳಿದ್ದು. ನಾವು ಮೂವರೂ ಕೊನೆತನಕ ನಿಂತೇ ಇದ್ದೆವು.