ಅಳಿಯ ತುಳಿದ ಸೈಕಲ್ಲು

ನಾನು ಅಣಕಿಸದೆ ಬಿಟ್ಟವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಪೋತ್ನಾಳದ ಕಿರಾಣಿ ಅಂಗಡಿಯವನ ಮೂಗಿನ ಮಾತು, ಮೇಲಧಿಕಾರಿಯ ಫೋನು ಬಂದರೆ ಎದ್ದು ನಿಲ್ಲುವ ಭಾವ, ಇಂಟರ್ವ್ಯೂನಲ್ಲಿ ಸ್ವಂತ ಹೆಸರಿಗೇ ತೊದಲಿದ ನಾನು, ಎಲ್ಲರನ್ನೂ ಮಾಡಿ ತೋರಿಸಿದ್ದೇನೆ. ಅಕ್ಕ ನನ್ನ ಖಾಯಂ ಪ್ರೇಕ್ಷಕಿ.

ಅಕ್ಕನ ಕೂಸು ದೇವದುರ್ಗದಲ್ಲಿ ಹುಟ್ಟಿತು. ಹೊಟ್ಟೆಯಿಂದ ಹೊರಬರುವಷ್ಟರಲ್ಲಿ ಉಸಿರು ಸಾಲದೆ, ಹುಟ್ಟಿದ ಮೇಲೆ ಅಳಲಿಲ್ಲ. ಅಕ್ಕನಿಗೆ ಹೊಲಿಗೆ ಹಾಕುತ್ತಿದ್ದರು. ಭಾವ ಅಲ್ಲೇ ಉಳಿದ. ಕೂಸಿನ ಜೊತೆ ಅವ್ವ, ನಾನು ಆಂಬುಲೆನ್ಸು ಹತ್ತಿ ರಾಯಚೂರಿನ ದೊಡ್ಡ ಆಸ್ಪತ್ರೆಗೆ ಬಂದೆವು. ದಾರಿಯಲ್ಲಿ ಕಲ್ಮಲ ಊರು ದಾಟಿದರೂ ನನಗೆ ಯಾರನ್ನೂ ಅಣಕಿಸಬೇಕು ಅನ್ನಿಸಿರಲಿಲ್ಲ.

ಬಿಸಿಲಿಗೆ ಹೆಸರಾದ ಊರಿನಲ್ಲಿ ಕೂಸನ್ನು ತಣ್ಣನೆಯ ಹಾಸಿಗೆಯ ಮೇಲೆ ಮಲಗಿಸಿದರು. ಮೈ ತಣ್ಣಗಿದ್ದರೆ ಮಿದುಳಿಗೆ ಪೆಟ್ಟು ಕಡಿಮೆಯಂತೆ. ತಲೆಯ ತುಂಬ ವೈರು ಅಂಟಿಸಿದರು.

"ಕೂಸಿಗೆ ಕುಂಚಿಗಿ ಕಟ್ಟಿ ಬೆಚ್ಚಗ ಇಡ್ತಾರ್ರೀ. ನೀವು ವೈರು ಕಟ್ಟಿ ತಣ್ಣಗ ಇಟ್ಟೀರಿ" ಅಂದಳು ಅವ್ವ.

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪರದೆಯ ಮೇಲೆ ಓಡುವ ಮಿದುಳಿನ ಗೆರೆ ತೋರಿಸಿದರು. "ಹುಟ್ಟುವಾಗ ಉಸಿರು ಕಡಿಮಿ ಆದ ಕೂಸುಗಳಿಗೆ ಮೊದಲ ಎರಡು ಮೂರು ದಿನ ಫಿಟ್ಸಿನ ಭಯ ಇರ್ತದ, ಯವ್ವಾ. ಯಾರಿಗೆ ಬರಬಹುದು ಅಂತ ಈ ಗೆರಿ ನೋಡಿ ಅಂದಾಜು ಮಾಡ್ತೀವಿ. ಇವನ ಗೆರಿ ಮಂದ ಅದಾವ. ಬರೋ ಸಾಧ್ಯತಿ ಹೆಚ್ಚು."

"ಬರ್ತದೋ ಇಲ್ಲೋ, ಒಂದು ಹೇಳ್ರಿ."

"ಅಷ್ಟು ಹೇಳಾಕ ಬರಂಗಿಲ್ಲ."

ಅವರು ಅತ್ತ ಹೋದ ಮೇಲೆ ನಾನು ಟಿವಿಯಲ್ಲಿ ಹವಾಮಾನ ಓದುವವರ ದನಿ ತೆಗೆದೆ: "ಅಲ್ಲಲ್ಲಿ ಗುಡುಗು ಸಹಿತ ಫಿಟ್ಸ್..."

"ನಿನ್ನ ಬಾಯಾಗ ಮಣ್ಣು ಬೀಳ್ಲಿ" ಅಂದಳು ಅವ್ವ. ಮನೆಯ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗಿನ ಬೆಂಚಿನ ಮೇಲೆ ಕುಳಿತಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕು. ನಾಟಿ ಮಾಡುವಾಗ ಗದ್ದೆಯಲ್ಲಿ ಬಿದ್ದು ಒದ್ದಾಡಿದ ಹೆಣ್ಣುಮಗಳಿಗೆ ಹಾಗೇ ಕೊಟ್ಟಿದ್ದಳಂತೆ. ನಾವಿಬ್ಬರೂ ಕಾಯುತ್ತಿದ್ದದ್ದು ಅಂಥ ಒದ್ದಾಟವನ್ನೇ, ಬಾಯಿಗೆ ನೊರೆ ಬರುವುದನ್ನೇ.

ಮಧ್ಯಾಹ್ನ ನನ್ನೊಬ್ಬನನ್ನು ಒಳಗೆ ಬಿಟ್ಟರು. ಫೋನು ಹೊರಗಿಡಬೇಕು. ಗೆರೆ ಓದಬಲ್ಲ ಡಾಕ್ಟರಮ್ಮ ಬೇರೊಂದು ಹೆರಿಗೆಗೆ ಹೋಗಿದ್ದರು. ಬೆಳಗಿನಿಂದ ಅಲುಗದ ಕೂಸು ಈಗ ತುಟಿ ಚಪ್ಪರಿಸುತ್ತಿತ್ತು. ಕಾಲು ನಿಧಾನಕ್ಕೆ ಸೈಕಲ್ಲು ತುಳಿಯುತ್ತಿದ್ದವು. ಪಾದ ಹಿಡಿದೆ, ಆದರೂ ತುಳಿಯಿತು. ಗಟ್ಟಿ ಅಳಿಯ ಅಂದುಕೊಂಡೆ. ಹೊರಗೆ ಬಂದು ಹೇಳಿದಾಗ ಅವ್ವ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು.

ಅಷ್ಟರಲ್ಲಿ ಅಕ್ಕನ ವಿಡಿಯೊ ಕಾಲ್ ಬಂತು. "ಬಾಯಿಲೆ ಹೇಳಬ್ಯಾಡಲೇ. ಮಾಡಿ ತೋರಿಸು."

ಬೆಂಚಿನ ಮೇಲೆ ಮಲಗಿದೆ. ತುಟಿ ಚಪ್ಪರಿಸಿದೆ, ಕಣ್ಣು ಒಂದೇ ಕಡೆ ನೆಟ್ಟೆ, ಸೈಕಲ್ಲು ತುಳಿದೆ.

"ಹಾಲು ಬೇಕಾಗ್ಯಾದ ಅವನಿಗೆ" ಅಂದು ಅಕ್ಕ ಹೊಟ್ಟೆ ಹಿಡಿದುಕೊಂಡಳು. "ನಗಿಸಬ್ಯಾಡೋ ಮಂಗ್ಯಾ, ಹೊಲಿಗಿ ಹರೀತಾವ."

ಹೆರಿಗೆ ಮುಗಿಸಿ ಬರುತ್ತಿದ್ದ ಡಾಕ್ಟರಮ್ಮ ಬೆಂಚಿನ ಬಳಿ ನಿಂತರು. "ತಮ್ಮಾ, ಇನ್ನೊಮ್ಮಿ ಮಾಡು."

ಮಾಡಿದೆ. ಅವರು ನಗಲಿಲ್ಲ.

"ಕಾಲು ಹಿಡಿದ್ರ ನಿಂತಿತ್ತೇನು?"

"ಇಲ್ರೀ."

ಅವರು ಓಡುತ್ತಲೇ ಒಳಗೆ ಹೋದರು. ನಾನು ಫೋನನ್ನು ಎದೆಗೆ ಒತ್ತಿಕೊಂಡೆ. ಫೋನಿನೊಳಗಿನಿಂದ ಅಕ್ಕನ ದನಿ ಕೇಳುತ್ತಿತ್ತು: "ಲೇ, ಏನಂದ್ರು? ಲೇ."

ತಿರುಗಿ ಬಂದಾಗ ಡಾಕ್ಟರಮ್ಮನ ದನಿ ಸಣ್ಣದಾಗಿತ್ತು. "ಅದು ಫಿಟ್ಸ್. ಹಸುಗೂಸಿಗೆ ಹಿಂಗೂ ಬರ್ತದ, ಹಿಡಿದ್ರೂ ನಿಲ್ಲಂಗಿಲ್ಲ. ಗೆರಿಯಾಗೂ ಕಂಡ್ತು, ಔಷಧ ಕೊಟ್ಟೀವಿ."

"ಮುಂದ?" ಅಂದಳು ಅವ್ವ.

"ಬೆಳದಂಗ ನೋಡಬೇಕು, ಯವ್ವಾ."

ನನಗೆ ಇನ್ನೊಮ್ಮೆ ಕೂಸನ್ನು ತೋರಿಸಿದರು. ಹೊರಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ, ಈ ಸಲ ಬಾಯಿಂದಲೇ. ಅವಳು ಅಳಲಿಲ್ಲ. "ಈಗ ಹೆಂಗ ಅದಾನ, ಮಾಡು" ಅಂದಳು.

ಬೆಂಚಿನ ಮೇಲೆ ಮತ್ತೆ ಮಲಗಿದೆ. ಕಣ್ಣು ಮುಚ್ಚಿದೆ. ಕೈಕಾಲು ಸಡಿಲ ಬಿಟ್ಟೆ. ಮಾಡುವುದಕ್ಕೆ ಬೇರೇನೂ ಇರಲಿಲ್ಲ.

"ಹೊಟ್ಟಿ ಆಡಾಕತ್ತದೇನು?"

ಅದನ್ನು ಮರೆತಿದ್ದೆ. ಅವನಂತೆ ಸಣ್ಣ ಸಣ್ಣ ಉಸಿರು ಎಳೆದೆ.

"ಹಂಗೇ ಇರು" ಅಂದಳು ಅಕ್ಕ. "ನಿಲ್ಲಿಸಬ್ಯಾಡ."

ಫೋನು ಹಿಡಿದ ನನ್ನ ಕೈ ಸೋತಿತು. ಅವ್ವ ಅದನ್ನು ತೆಗೆದುಕೊಂಡು ನನ್ನ ಹೊಟ್ಟೆಯ ನೇರಕ್ಕೆ ಹಿಡಿದಳು. ಅವಳ ಇನ್ನೊಂದು ಮುಷ್ಟಿಗೆ ಬೀಗದ ಕೈ ಮರಳಿ ಬಂದಿತ್ತು.